ತುರಿಕೆ ಕಮ್ಮಿಯಾದರೆ ರೋಗ ಕಮ್ಮಿಯಾದಂತಲ್ಲ: ನಿರೋಧಕ ಶಕ್ತಿ ಕುಂದಿದವರ ಚರ್ಮದಲ್ಲಿ ಶಿಲೀಂಧ್ರ

ಹುಳುಕಡ್ಡಿ ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಹೊಸದಲ್ಲ. ತೊಡೆಸಂದಿಯಲ್ಲೋ ಸೊಂಟದ ಸುತ್ತಲೋ ದುಂಡಗೆ ಏಳುತ್ತದೆ, ಅಂಚು ಕೆಂಪಗೆ ಉಬ್ಬಿ ಹೊಟ್ಟು ಉದುರುತ್ತದೆ, ನಡುವಿನ ಚರ್ಮ ತಿಳಿಯಾಗಿ ಕಾಣುತ್ತದೆ, ರಾತ್ರಿಯ ತುರಿಕೆ ನಿದ್ದೆ ಕೆಡಿಸುತ್ತದೆ. ಗಜಕರ್ಣ ಅನ್ನಿ, ದಾದ್ ಅನ್ನಿ, ಈ ರೂಪ ನೋಡಿದರೆ ಮನೆಯವರೇ ಗುರುತು ಹಿಡಿಯುತ್ತಾರೆ.

ಆದರೆ ಆ ಕೆಂಪು, ಉಬ್ಬು, ತುರಿಕೆಯನ್ನು ಬಹುಪಾಲು ಹುಟ್ಟಿಸುವುದು ಶಿಲೀಂಧ್ರವಲ್ಲ, ನಮ್ಮದೇ ದೇಹ. ಹುಳುಕಡ್ಡಿಯ ಶಿಲೀಂಧ್ರ ತಿನ್ನುವುದು ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಸತ್ತ ಪದಾರ್ಥವನ್ನು. ಅದರ ವಾಸನೆ ಹಿಡಿದ ಟಿ ಕಣಗಳೆಂಬ ಬಿಳಿ ರಕ್ತಕಣಗಳು ಅಲ್ಲಿಗೆ ಬಂದು ಉರಿಯೂತ ಎಬ್ಬಿಸುತ್ತವೆ. ಚರ್ಮ ಬೇಗ ಬೇಗ ಪದರ ಕಳಚಿ ಶಿಲೀಂಧ್ರವನ್ನು ಉದುರಿಸಲು ನೋಡುತ್ತದೆ. ನಡುವಿನ ಜಾಗದಲ್ಲಿ ದೇಹದ ಕೈ ಮೇಲಾಗುತ್ತದೆ, ಶಿಲೀಂಧ್ರ ಹೊಸ ಕೆರಾಟಿನ್ ಹುಡುಕುತ್ತ ಹೊರಗಡೆ ಸರಿಯುತ್ತದೆ. ಉಂಗುರ ಹುಟ್ಟುವುದು ಹೀಗೆ.

ಈ ಎದುರಾಳಿಯೇ ಇಲ್ಲದಿದ್ದರೆ? ಅಂಚು ಮಸುಕಾಗುತ್ತದೆ, ಉಂಗುರ ಮೂಡುವುದೇ ಇಲ್ಲ, ತುರಿಕೆ ಇದ್ದೂ ಇಲ್ಲದಂತೆ ಇರುತ್ತದೆ. ಶಿಲೀಂಧ್ರ ಮಾತ್ರ ಅಂಗೈಯಷ್ಟು ಜಾಗದಿಂದ ಬೆನ್ನು ತುಂಬ ಹರಡಿರುತ್ತದೆ, ಕೆಲವೊಮ್ಮೆ ಕೂದಲಿನ ಬುಡ ಹಿಡಿದು ಒಳಗೂ ಇಳಿದಿರುತ್ತದೆ. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಆದ್ದರಿಂದ ನಿರೋಧಕ ಶಕ್ತಿ ಕುಂದಿದವರಲ್ಲಿ ಕಲೆ ಹೇಗಿದೆ ಎಂದು ನೋಡುವ ಮೊದಲು, ಆ ಕಲೆ ಯಾರ ಮೈಮೇಲಿದೆ ಎಂದು ಕೇಳಬೇಕು. ರೋಗಿಗೂ ಮನೆಯವರಿಗೂ ಅಷ್ಟೇ ಅಲ್ಲ, ಔಷಧ ಅಂಗಡಿಯಲ್ಲಿ ಟ್ಯೂಬು ತೆಗೆದು ಕೊಡುವವರಿಗೂ ಈ ಪ್ರಶ್ನೆ ಗೊತ್ತಿರಬೇಕು.

ಯಾರ ಶಕ್ತಿ ಎಲ್ಲಿ ಕುಂದಿದೆ

‘ಇಮ್ಯುನಿಟಿ ಕಮ್ಮಿ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ದೇಹದ ಕಾವಲಿನಲ್ಲಿ ಬೇರೆ ಬೇರೆ ಪಡೆಗಳಿವೆ. ಯಾವ ಪಡೆ ಸೋತಿದೆ ಎಂಬುದರ ಮೇಲೆ ಯಾವ ಶಿಲೀಂಧ್ರ ನುಗ್ಗುತ್ತದೆ ಎಂಬುದು ನಿಂತಿದೆ.

ಎಲ್ಲಕ್ಕಿಂತ ಹೆಚ್ಚು ಕಾಣಸಿಗುವವರು ಸಕ್ಕರೆ ಕಾಯಿಲೆಯವರು. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ತಡವಾಗಿ ಬರುತ್ತವೆ, ಬಂದರೂ ಶಿಲೀಂಧ್ರವನ್ನು ನುಂಗಿ ಕೊಲ್ಲುವ ಕಸುವು ಅವಕ್ಕೆ ಇರುವುದಿಲ್ಲ. ಇಂಥವರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಚೆನ್ನಾಗಿ ಬೆಳೆಯುತ್ತದೆ. ಸಕ್ಕರೆ ಕೈಮೀರಿ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಸ್ಥಿತಿ ತಲುಪಿದರೆ ಇನ್ನೊಂದು ಅನಾಹುತವಿದೆ. ಪ್ರೋಟೀನಿಗೆ ಅಂಟಿಕೊಂಡಿದ್ದ ಕಬ್ಬಿಣ ಬಿಡುಗಡೆಯಾಗುತ್ತದೆ, ಮ್ಯೂಕರ್ ಗುಂಪಿನ ಶಿಲೀಂಧ್ರಗಳಿಗೆ ಬೇಕಾದದ್ದೇ ಆ ಕಬ್ಬಿಣ.

ಎರಡನೆಯವರು ಸ್ಟಿರಾಯ್ಡ್ ನುಂಗುವವರು. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಎರಡು ವಾರ ದಾಟಿದರೆ ನಿರೋಧಕ ಶಕ್ತಿ ಕುಂದಿದೆ ಎಂದೇ ವೈದ್ಯರು ಲೆಕ್ಕ ಹಿಡಿಯುತ್ತಾರೆ. ದೇಹದ ಕಾವಲೇ ದೇಹದ ಮೇಲೆ ತಿರುಗಿಬೀಳುವ ಲೂಪಸ್, ಮೈಮೇಲೆ ಬೊಬ್ಬೆ ಏಳುವ ಪೆಂಫಿಗಸ್, ಮೂತ್ರದಲ್ಲಿ ಪ್ರೋಟೀನ್ ಸೋರುವ ಮಕ್ಕಳ ನೆಫ್ರೋಟಿಕ್ ತೊಂದರೆ, ಕುಷ್ಠರೋಗದ ರಿಯಾಕ್ಷನ್, ಇವಕ್ಕೆಲ್ಲ ಸ್ಟಿರಾಯ್ಡ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ತಾವು ಸ್ಟಿರಾಯ್ಡ್ ತಿನ್ನುತ್ತಿದ್ದೇವೆ ಎಂದೇ ಗೊತ್ತಿಲ್ಲದವರೂ ಇದ್ದಾರೆ. ಮಂಡಿನೋವಿಗೆ, ದಮ್ಮಿಗೆ ಎಂದು ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಎರಡೇ ದಿನದಲ್ಲಿ ಹುರುಪು ಬಂದರೆ, ಕೆಲವು ತಿಂಗಳಲ್ಲಿ ಮುಖ ದುಂಡಗಾದರೆ, ಅದರಲ್ಲಿ ಸ್ಟಿರಾಯ್ಡ್ ಇರುವ ಅನುಮಾನ ಬಲವಾಗಿ ಪಡಬೇಕು.

ಎಚ್‌ಐವಿಯಲ್ಲಿ ಸೋಲುವುದು ಟಿ ಕಣಗಳು. ಸಿಡಿ4 ಎಂಬ ಬಗೆಯ ಟಿ ಕಣಗಳ ಎಣಿಕೆ 200ಕ್ಕಿಂತ ಕೆಳಗೆ ಬಂದರೆ ಮೇಲ್ಪದರದ ಶಿಲೀಂಧ್ರಗಳು ಮೈತುಂಬ ಹರಡುತ್ತವೆ, 100ಕ್ಕಿಂತ ಕೆಳಗಿಳಿದರೆ ಮಿದುಳಿನ ಪೊರೆಗೂ ತಗಲುವ ಕ್ರಿಪ್ಟೋಕಾಕಸ್ ಶಿಲೀಂಧ್ರದ ಭಯ. ಕ್ಯಾನ್ಸರಿನ ಕೀಮೋ ಪಡೆಯುವವರಲ್ಲಿ, ಅದರಲ್ಲೂ ರಕ್ತದ ಕ್ಯಾನ್ಸರಿನವರಲ್ಲಿ ನ್ಯೂಟ್ರೋಫಿಲ್ ಎಣಿಕೆ 500ಕ್ಕಿಂತ ಕೆಳಗಿಳಿದು ವಾರ ದಾಟಿದರೆ ಆಸ್ಪರ್ಜಿಲಸ್, ಫ್ಯುಸೇರಿಯಂ, ಮ್ಯೂಕರ್ ಬೂಸುಗಳಿಗೆ ಬಾಗಿಲು ತೆರೆದಂತೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡು, ಅದನ್ನು ದೇಹ ತಿರಸ್ಕರಿಸದಂತೆ ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್ ತೆಗೆದುಕೊಳ್ಳುವವರು ಜೀವನಪರ್ಯಂತ ಈ ಪಟ್ಟಿಯಲ್ಲೇ ಇರುತ್ತಾರೆ.

ಮೇಲ್ಪದರದಲ್ಲಿ

ಟ್ರೈಕೋಫೈಟಾನ್ ಜಾತಿಯ ಹುಳುಕಡ್ಡಿ ಇಂಥವರಲ್ಲಿ ವೇಷ ಮರೆಸಿಕೊಳ್ಳುತ್ತದೆ. ಮುಖದ ಮೇಲೆ ಬಂದರೆ ಬಿಸಿಲಿನ ಅಲರ್ಜಿಯಂತೆ, ಬೆನ್ನ ಮೇಲೆ ಬಂದರೆ ಇಸಬಿನಂತೆ, ಪೃಷ್ಠದ ಮೇಲೆ ಬಂದರೆ ಸೋರಿಯಾಸಿಸ್‌ನಂತೆ. ಸ್ಟಿರಾಯ್ಡ್ ಮುಲಾಮು ಹಚ್ಚಿದ ಚರ್ಮದಲ್ಲಂತೂ ಒಂದರೊಳಗೊಂದು ಎರಡು ಮೂರು ಉಂಗುರ, ತೆಳುವಾದ ಚರ್ಮ, ತೊಡೆಯಲ್ಲಿ ಬಿಳಿ ಗೀರು. ಕಾಲಿನ ಮೇಲೆ ಕೂದಲ ಬುಡದಲ್ಲಿ ಗಟ್ಟಿ ಗಂಟುಗಳು ಎದ್ದರೆ ಶಿಲೀಂಧ್ರ ಕೂದಲುಗೂಡಿಗೆ ಇಳಿದಿದೆ ಎಂದರ್ಥ. ಅಲ್ಲಿಗೆ ಮುಲಾಮು ತಲುಪುವುದಿಲ್ಲ, ಗುಳಿಗೆಯೇ ಬೇಕು.

ಉಗುರನ್ನೂ ನೋಡಬೇಕು. ಸಾಮಾನ್ಯವಾಗಿ ಉಗುರಿನ ಶಿಲೀಂಧ್ರ ತುದಿಯಿಂದ ಹಿಂದಕ್ಕೆ ಹಬ್ಬುತ್ತದೆ, ಹಳದಿಯಾಗಿ ದಪ್ಪಗಾಗುತ್ತದೆ. ಅದೇ ಬುಡದ ಕಡೆಯಿಂದ ಬಿಳಿ ಮಚ್ಚೆಯಾಗಿ ಶುರುವಾದರೆ, ಅದೂ ಹಲವು ಉಗುರುಗಳಲ್ಲಿ, ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಬೇಕು. ಎಷ್ಟೋ ಸಲ ಕಾಯಿಲೆಯ ಮೊದಲ ಸುಳಿವು ಅದೇ ಆಗಿರುತ್ತದೆ.

ಕ್ಯಾಂಡಿಡಾ ಇಷ್ಟಪಡುವುದು ಮಡಿಕೆಗಳನ್ನು. ಎದೆಯ ಕೆಳಗೆ, ಬಗಲು, ತೊಡೆಸಂದಿ, ಬೊಜ್ಜಿನ ಮಡಿಕೆ, ಹಾಸಿಗೆ ಹಿಡಿದವರ ಬೆನ್ನಿನ ಕೆಳಭಾಗ. ಚರ್ಮ ಹಸಿ ಮಾಂಸದಂತೆ ಕೆಂಪಾಗಿ ಒದ್ದೆಯಾಗಿ ಹೊಳೆಯುತ್ತದೆ, ಉರಿ ಜಾಸ್ತಿ. ಗುರುತು ಹಿಡಿಯಲು ಒಳ್ಳೆಯ ಉಪಾಯವೆಂದರೆ ದೊಡ್ಡ ಕೆಂಪು ಪಟ್ಟಿಯ ಆಚೆ ಸಾಸಿವೆ ಕಾಳಿನ ಗಾತ್ರದ ಬಿಡಿ ಬಿಡಿ ಕೆಂಪು ಗುಳ್ಳೆಗಳಿವೆಯೇ ಎಂದು ನೋಡುವುದು. ಹುಳುಕಡ್ಡಿಗೆ ಹಾಗಿರುವುದಿಲ್ಲ. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಸಕ್ಕರೆ ಕಾಯಿಲೆಯ ಹೆಂಗಸರಲ್ಲಿ ವಾಸಿಯಾಗದ ಉಗುರುಸುತ್ತಿಗೂ ಎಷ್ಟೋ ಸಲ ಕ್ಯಾಂಡಿಡಾದ ಜೊತೆಯಿರುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಅವನ್ನು ಶುರು ಮಾಡಿದ ಮೇಲೆ ಗಂಡಸರಿಗೆ ಶಿಶ್ನದ ಮುಂದೊಗಲಲ್ಲಿ, ಹೆಂಗಸರಿಗೆ ಯೋನಿಯ ಸುತ್ತ ತುರಿಕೆ, ಬಿಳಿ ಮೊಸರಿನಂಥ ಪದರ ಕಂಡರೆ ನಾಚಿಕೆಪಟ್ಟು ಮುಚ್ಚಿಡಬಾರದು. ಗುಳಿಗೆಯನ್ನು ತಾವೇ ನಿಲ್ಲಿಸಲೂಬಾರದು. ಮೂತ್ರ ಮಾಡಿದ ಮೇಲೆ ನೀರಿನಿಂದ ತೊಳೆದು ಒಣಗಿಸುವುದರಿಂದಲೇ ಎಷ್ಟೋ ಕಡಿಮೆಯಾಗುತ್ತದೆ. ಪದೇ ಪದೇ ಬಂದರೆ ವೈದ್ಯರು ಔಷಧ ಬದಲಿಸುತ್ತಾರೆ.

ಚಿಬ್ಬು ತರುವ ಮಲಸೀಜಿಯಾ ಸ್ಟಿರಾಯ್ಡ್ ತಿನ್ನುವವರ ಎದೆ, ಬೆನ್ನಿನ ಮೇಲೆ ಮೊಡವೆಯಂಥ ಒಂದೇ ಗಾತ್ರದ ಗುಳ್ಳೆಗಳನ್ನೂ ಎಬ್ಬಿಸುತ್ತದೆ. ಮೊಡವೆ ಎಂದು ಆಂಟಿಬಯೋಟಿಕ್ ಕೊಟ್ಟರೆ ಹೆಚ್ಚಾಗುತ್ತದೆ. ಪ್ರಾಣಕ್ಕೇನೂ ಅಪಾಯವಿಲ್ಲ.

ಮೇಲ್ಪದರದ ಸೋಂಕುಗಳಲ್ಲಿ ಹೆಚ್ಚು ಕಾಡುವುದು, ಹೆಚ್ಚು ಅಲಕ್ಷ್ಯಕ್ಕೊಳಗಾಗುವುದು ಕಾಲ್ಬೆರಳ ಸಂದಿಯದು. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಸುರಪುರ, ಶಹಾಪುರ ಕಡೆ ಭತ್ತ ನಾಟಿ ಮಾಡುವವರು, ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ಇಡೀ ಪಾಳಿ ಬೂಟು ಬಿಚ್ಚದವರು, ಇಬ್ಬರಿಗೂ ನಾಲ್ಕನೆಯ ಮತ್ತು ಕಿರುಬೆರಳ ನಡುವೆ ಚರ್ಮ ಬೆಳ್ಳಗೆ ನೆನೆದು ಸೀಳುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಬರೀ ಕಿರಿಕಿರಿ. ಸಕ್ಕರೆಯಿಂದ ಪಾದದ ಸ್ಪರ್ಶ ಹೋದವರಿಗೆ ಆ ಸೀಳು ನೋಯುವುದೇ ಇಲ್ಲ, ಅದರೊಳಗಿಂದ ಬ್ಯಾಕ್ಟೀರಿಯಾ ಹೊಕ್ಕು ಕಾಲು ಊದಿ ಕೆಂಪಾಗಿ ಜ್ವರ ಬಂದಾಗಲೇ ಗೊತ್ತಾಗುತ್ತದೆ. ಕಾಲು ಕತ್ತರಿಸುವ ಹಂತಕ್ಕೆ ಹೋಗುವ ದಾರಿಗಳಲ್ಲಿ ಇದೂ ಒಂದು.

ಒಳಗಿಳಿದಾಗ

ಆಳದ ಸೋಂಕು ಎರಡು ದಾರಿಯಿಂದ ಬರುತ್ತದೆ. ಒಂದು ಹೊರಗಿನಿಂದ, ಗಾಯದ ಮೂಲಕ. ಇನ್ನೊಂದು ಒಳಗಿನಿಂದ, ರಕ್ತದ ಮೂಲಕ ಚರ್ಮಕ್ಕೆ ಬಂದು ಕಾಣಿಸಿಕೊಳ್ಳುವುದು. ಎರಡನೆಯದರಲ್ಲಿ ಚರ್ಮ ಬರೀ ಕಿಟಕಿ, ರೋಗ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ಆಗಲೇ ಇರುತ್ತದೆ.

ಹೊರಗಿನ ದಾರಿಗೆ ನಮ್ಮ ಹೊಲಗಳಲ್ಲಿ ಕೊರತೆಯಿಲ್ಲ. ತೊಗರಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಚೂಪು ಕೂಳೆ, ಹತ್ತಿ ಕಟ್ಟಿಗೆ, ಬದುವಿನ ಜಾಲಿಮುಳ್ಳು ಇವುಗಳ ಮೇಲೆಲ್ಲ ಮಣ್ಣಿನ ಶಿಲೀಂಧ್ರಗಳು ಇದ್ದೇ ಇರುತ್ತವೆ. ಕಸಿ ಮಾಡಿಸಿಕೊಂಡವರ ಪಾದಕ್ಕೋ ಮೊಣಕಾಲ ಕೆಳಗೋ ಮುಳ್ಳು ಚುಚ್ಚುತ್ತದೆ. ಮುಳ್ಳು ತೆಗೆದು ಮರೆತೂ ಬಿಡುತ್ತಾರೆ. ವಾರಗಳೋ ತಿಂಗಳುಗಳೋ ಆದ ಮೇಲೆ ಅಲ್ಲೊಂದು ನೋಯದ ಗಂಟು. ಒತ್ತಿದರೆ ಒಳಗೆ ದ್ರವ ಇದ್ದ ಹಾಗೆ, ಮೇಲಿನ ಚರ್ಮ ಸರಿಯಾಗಿಯೇ ಇರುತ್ತದೆ. ಕೊಬ್ಬಿನ ಗಂಟು ಎಂದು ಬಿಟ್ಟುಬಿಡುವುದು ಸಾಮಾನ್ಯ. ಕೊಯ್ದು ನೋಡಿದರೆ ಕೀವಿನಲ್ಲಿ ಕಂದು ಬಣ್ಣದ ಗೋಡೆಯ ಶಿಲೀಂಧ್ರ ಎಳೆಗಳು, ಕೆಲವೊಮ್ಮೆ ನಡುವೆ ಮುಳ್ಳಿನ ಚೂರು. ಇದಕ್ಕೆ ಫಿಯೋಹೈಫೋಮೈಕೋಸಿಸ್ ಎನ್ನುತ್ತಾರೆ. ಗಂಟನ್ನು ಪೂರ್ತಿ ತೆಗೆಯಬೇಕು, ಮೇಲೆ ತಿಂಗಳುಗಟ್ಟಲೆ ಇಟ್ರಾಕೊನಜೋಲ್ ಎಂಬ ಶಿಲೀಂಧ್ರದ ಗುಳಿಗೆ ಬೇಕು. ಬರೀ ಕೀವು ಬಸಿದು ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ.

ಮ್ಯೂಕರ್ ಇಷ್ಟು ಕಾಯುವುದಿಲ್ಲ. 2021ರ ಎರಡನೇ ಅಲೆಯಲ್ಲಿ ಕೊವಿಡ್, ಸಕ್ಕರೆ, ಸ್ಟಿರಾಯ್ಡ್ ಮೂರೂ ಕೂಡಿದವರ ಮೂಗು, ಕಣ್ಣನ್ನು ಹಿಡಿದು ‘ಬ್ಲ್ಯಾಕ್ ಫಂಗಸ್’ ಎಂದು ಹೆಸರಾದ ಈ ರೋಗವನ್ನು ಆ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತ್ತು. ಅದೇ ಗುಂಪಿನ ಶಿಲೀಂಧ್ರ ಚರ್ಮಕ್ಕೆ ನೇರವಾಗಿಯೂ ಹೊಗುತ್ತದೆ. ಅಪಘಾತದಲ್ಲಿ ಮಣ್ಣು ಮೆತ್ತಿದ ಗಾಯ, ಸುಟ್ಟ ಗಾಯ, ಇಂಜೆಕ್ಷನ್ ಕೊಟ್ಟ ಜಾಗ, ಸಲೈನ್ ಸೂಜಿಯ ಮೇಲೆ ಅಂಟಿಸಿದ ಪಟ್ಟಿಯ ಅಡಿ, ಎಲ್ಲಿಂದಲಾದರೂ ಸರಿ. ಅಗಲವಾದ ಎಳೆಗಳು ರಕ್ತನಾಳದ ಗೋಡೆ ತೂರಿ ಒಳಗೆ ಹೆಪ್ಪು ಕಟ್ಟಿಸುತ್ತವೆ. ರಕ್ತ ನಿಂತ ಚರ್ಮ ಸಾಯುತ್ತದೆ. ಕಣ್ಣಿಗೆ ಕಾಣುವ ಕಪ್ಪು ಆ ಸತ್ತ ಚರ್ಮದ್ದು. ಮೊದಲು ಕೆಂಪು, ಆಮೇಲೆ ನೇರಳೆ, ನಡುವೆ ಕಪ್ಪು ಹಕ್ಕಳೆ, ಸುತ್ತ ನೋವು. ಬೆಳಿಗ್ಗೆ ಪೆನ್ನಿನಿಂದ ಅಂಚು ಗುರುತು ಮಾಡಿದರೆ ಸಂಜೆಯೊಳಗೆ ಗೆರೆ ದಾಟಿರುತ್ತದೆ. ಇದಕ್ಕೆ ಮುಲಾಮು, ಫ್ಲುಕೊನಜೋಲ್, ವೊರಿಕೊನಜೋಲ್ ಯಾವುದೂ ನಾಟುವುದಿಲ್ಲ. ಸತ್ತ ಭಾಗವನ್ನು ಕತ್ತರಿಸಿ ತೆಗೆಯುವುದು, ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಅಥವಾ ಹೆಚ್ಚು ಲೈಪೋಸೋಮಲ್ ಆಂಫೊಟೆರಿಸಿನ್ ಎಂಬ ಶಿಲೀಂಧ್ರದ ಇಂಜೆಕ್ಷನ್, ಸಕ್ಕರೆ ಹತೋಟಿ, ಮೂರೂ ಒಟ್ಟಿಗೆ ನಡೆಯಬೇಕು.

ರಕ್ತದ ದಾರಿಯಿಂದ ಬರುವವು ಚಿಕ್ಕದಾಗಿ ಕಾಣುತ್ತವೆ, ಅದೇ ಮೋಸ. ಎಚ್‌ಐವಿಯವರ ಮುಖ, ಕತ್ತಿನ ಮೇಲೆ ನಡುವೆ ಗುಳಿ ಬಿದ್ದ ಮುತ್ತಿನಂಥ ಗುಳ್ಳೆಗಳು ಮಕ್ಕಳಿಗೆ ಬರುವ ಮೊಲಸ್ಕಂ ಎಂಬ ವೈರಸ್ ಗುಳ್ಳೆಗಳಂತೆಯೇ ಇರುತ್ತವೆ. ಅವು ಕ್ರಿಪ್ಟೋಕಾಕಸ್‌ನವೂ ಇರಬಹುದು. ಆಗ ರಕ್ತದಲ್ಲಿ ಕ್ರಿಪ್ಟೋಕಾಕಲ್ ಆಂಟಿಜೆನ್ ಪರೀಕ್ಷೆ, ತಲೆನೋವಿರಲಿ ಬಿಡಲಿ ಬೆನ್ನುಹುರಿಯ ನೀರಿನ ಪರೀಕ್ಷೆ ಆಗಬೇಕು. ಮಿದುಳಿನ ಪೊರೆಗೆ ತಗಲಿದ್ದು ಖಚಿತವಾದರೆ ಎಆರ್‌ಟಿ ಎಂಬ ಎಚ್‌ಐವಿ ಚಿಕಿತ್ಸೆಯನ್ನು ತಕ್ಷಣ ಶುರು ಮಾಡದೆ, ಶಿಲೀಂಧ್ರದ ಚಿಕಿತ್ಸೆ ಮೊದಲು ನಡೆಸಿ 4ರಿಂದ 6 ವಾರ ತಡೆಯುತ್ತಾರೆ. ಶಕ್ತಿ ಒಮ್ಮೆಲೇ ಮರಳಿದರೆ ಉರಿಯೂತ ಮಿದುಳಿನಲ್ಲೇ ಏಳುತ್ತದೆ.

ಕೀಮೋ ನಡೆದವರಲ್ಲಿ ಫ್ಯುಸೇರಿಯಂ ಬಹಳ ಸಲ ಕಾಲಿನ ಹೆಬ್ಬೆರಳ ಉಗುರಿನಿಂದ ಹೊರಡುತ್ತದೆ. ಹಳೆಯ ಉಗುರು ರೋಗ, ಸುತ್ತ ಹೊಸದಾಗಿ ಕೆಂಪು ಊತ, ನಾಲ್ಕಾರು ದಿನದಲ್ಲಿ ಜ್ವರ, ಕೈಕಾಲ ಮೇಲೆ ಒತ್ತಿದರೆ ನೋಯುವ ಕೆಂಪು ಗಂಟುಗಳು, ಅವುಗಳ ನಡುವೆ ಕಪ್ಪು. ಆದ್ದರಿಂದ ಕೀಮೋ ಶುರುವಾಗುವ ಮೊದಲೇ ಕಾಲಿನ ಉಗುರು ತೋರಿಸಿ ಬರುವುದು ಒಳ್ಳೆಯದು. ಇದನ್ನು ಕೇಳುವವರು ಕಡಿಮೆ, ಹೇಳುವವರು ಇನ್ನೂ ಕಡಿಮೆ. ಕ್ಯಾಂಡಿಡಾ ರಕ್ತಕ್ಕೆ ಸೇರಿದಾಗಲೂ ಜ್ವರ, ಮೈಕೈ ಸ್ನಾಯು ನೋವು, ಸಣ್ಣ ಕೆಂಪು ಗಂಟುಗಳು ಬರುತ್ತವೆ, ಆದರೆ ಅವು ಸಾಮಾನ್ಯವಾಗಿ ಕಪ್ಪಾಗುವುದಿಲ್ಲ.

ಒಂದು ತಿರುವು ಮಾತ್ರ ಗೊಂದಲ ಹುಟ್ಟಿಸುತ್ತದೆ. ಎಆರ್‌ಟಿ ಶುರುವಾಗಿ ಸಿಡಿ4 ಏರುತ್ತಿರುವಾಗ, ಅಥವಾ ಕೀಮೋ ಮುಗಿದು ಬಿಳಿ ರಕ್ತಕಣ ಮರಳುವಾಗ, ಸುಮ್ಮನಿದ್ದ ಕಲೆಗಳು ಕೆಂಪಾಗಿ ಊದಿ ತುರಿಸತೊಡಗುತ್ತವೆ. ಔಷಧ ಸೋತಿತೆಂದು ಎಆರ್‌ಟಿಯನ್ನು ಬಿಟ್ಟುಬಿಡುವವರಿದ್ದಾರೆ. ಅದು ದೇಹ ಮತ್ತೆ ಎದ್ದು ನಿಂತು ಕಾದಾಡುತ್ತಿರುವ ಗುರುತೂ ಆಗಿರಬಹುದು. ಯಾವುದು ಎಂದು ತೀರ್ಮಾನಿಸಬೇಕಾದವರು ವೈದ್ಯರು.

ಕೆರೆದು ನೋಡುವುದು, ಕತ್ತರಿಸಿ ನೋಡುವುದು

ಮೇಲ್ಪದರದ ರೋಗಕ್ಕೆ ಕೆಒಎಚ್ ಪರೀಕ್ಷೆಯಷ್ಟು ಅಗ್ಗದ, ಬೇಗದ ಪರೀಕ್ಷೆ ಬೇರೆ ಇಲ್ಲ. ಕಲೆಯನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡುತ್ತಾರೆ. ಮೊಂಡು ಬ್ಲೇಡಿನಿಂದಲೋ ಗಾಜಿನ ಸ್ಲೈಡಿನ ಅಂಚಿನಿಂದಲೋ ಕಲೆಯ ಅಂಚನ್ನು ಕೆರೆಯುತ್ತಾರೆ, ನಡುವಿನಿಂದಲ್ಲ. ಶಿಲೀಂಧ್ರ ಜೀವಂತವಾಗಿ ಸಾಗುತ್ತಿರುವುದು ಅಂಚಿನಲ್ಲಿ. ಉದುರಿದ ಹೊಟ್ಟಿನ ಮೇಲೆ 10ರಿಂದ 20 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ತೊಟ್ಟು ಹಾಕಿ ಹತ್ತಿಪ್ಪತ್ತು ನಿಮಿಷ ಬಿಟ್ಟರೆ ಚರ್ಮದ ಕಣಗಳು ಕರಗಿ ಶಿಲೀಂಧ್ರದ ಕವಲೊಡೆದ ಎಳೆಗಳು ಉಳಿಯುತ್ತವೆ. ಉಗುರಿಗೆ ದ್ರಾವಣ ಇನ್ನೂ ಗಡುಸು ಬೇಕು, ರಾತ್ರಿಯಿಡೀ ನೆನೆಯಬೇಕು. ಸ್ಟಿರಾಯ್ಡ್ ಹಚ್ಚಿದವರ ಚರ್ಮದಲ್ಲಿ ಹೊರಗೆ ಕಲೆ ಮಸುಕು, ಒಳಗೆ ಎಳೆಗಳ ದಟ್ಟಣೆ. ಸೂಕ್ಷ್ಮದರ್ಶಕದಲ್ಲಿ ಇಂಥವರ ಸ್ಲೈಡ್ ಹುಡುಕಾಟವಿಲ್ಲದೆ ಸಿಗುತ್ತದೆ. ಶಿಲೀಂಧ್ರದ ಮುಲಾಮು ಹಚ್ಚಿಕೊಂಡೇ ಬಂದವರಲ್ಲಿ ಮಾತ್ರ ಪರೀಕ್ಷೆ ಸುಳ್ಳು ಹೇಳಬಹುದು.

ಆಳದ ಗಂಟಿಗೆ, ಕಪ್ಪು ಹಕ್ಕಳೆಗೆ ಹತ್ತಿಯಲ್ಲಿ ಒರೆಸಿದ ಸ್ವ್ಯಾಬ್ ಸಾಲದು. ಚರ್ಮದ ತುಂಡೇ (ಬಯಾಪ್ಸಿ) ಬೇಕು, ಅದೂ ಕೊಬ್ಬಿನ ಪದರದವರೆಗೆ. ತಪ್ಪು ನಡೆಯುವುದು ಇಲ್ಲಿಯೇ. ತೆಗೆದ ತುಂಡನ್ನು ರೂಢಿಯಂತೆ ಪೂರ್ತಿ ಫಾರ್ಮಲಿನ್ ಬಾಟಲಿಗೆ ಹಾಕಿಬಿಡುತ್ತಾರೆ. ಫಾರ್ಮಲಿನ್‌ನಲ್ಲಿ ಶಿಲೀಂಧ್ರ ಸಾಯುತ್ತದೆ, ಆಮೇಲೆ ಅದನ್ನು ಬೆಳೆಸಿ ನೋಡಲು, ಅಂದರೆ ಕಲ್ಚರ್ ಮಾಡಲು ಬರುವುದಿಲ್ಲ, ಯಾವ ಶಿಲೀಂಧ್ರ ಎಂಬುದು ತಿಳಿಯದೆ ಉಳಿಯುತ್ತದೆ. ಅರ್ಧ ತುಂಡು ಫಾರ್ಮಲಿನ್‌ಗೆ, ಇನ್ನರ್ಧ ಶುದ್ಧ ಸಲೈನ್ ಬಾಟಲಿಗೆ ಹೋಗಬೇಕು. ಮ್ಯೂಕರ್ ಅನುಮಾನವಿದ್ದರೆ ಪ್ರಯೋಗಾಲಯಕ್ಕೆ ಅದನ್ನು ಬರೆದು ಕಳಿಸಬೇಕು, ಏಕೆಂದರೆ ತುಂಡನ್ನು ಅರೆದರೆ ಅದರ ಎಳೆಗಳು ನಜ್ಜುಗುಜ್ಜಾಗಿ ಬೆಳೆಯುವುದೇ ಇಲ್ಲ, ಸಣ್ಣಗೆ ಕತ್ತರಿಸಬೇಕಷ್ಟೆ. ಕಲ್ಚರ್ ವರದಿಗೆ ಕಾಯುತ್ತ ಕೂರುವ ರೋಗವೂ ಇದಲ್ಲ. ತುಂಡಿನ ಮೇಲೆ ನೇರ ಕೆಒಎಚ್ ಹಾಕಿ ಅದೇ ದಿನ ಅಗಲ ಎಳೆ ಕಂಡರೆ ಚಿಕಿತ್ಸೆ ಶುರುವಾಗಬೇಕು.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಾದ್ದರಿಂದ ಬಯಾಪ್ಸಿಗೆಂದು ಹೈದರಾಬಾದಿನ ದಾರಿ ಹಿಡಿಯುವ ಮೊದಲು ಅಲ್ಲಿನ ಚರ್ಮರೋಗ ವಿಭಾಗಕ್ಕೆ ಹೋಗಿ ಕೇಳುವುದು ಲೇಸು.

ಮುಲಾಮಿನ ಲೆಕ್ಕ, ಗುಳಿಗೆಯ ಜಗಳ

ತೋರುಬೆರಳ ತುದಿಯ ಗೆಣ್ಣಿನಷ್ಟು ಉದ್ದ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ಮುಲಾಮು ಬೆರಳೂ ಸೇರಿ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು. ಎರಡೂ ತೊಡೆಸಂದಿ, ಪೃಷ್ಠ, ಸೊಂಟ ಸೇರಿ ಎಂಟು ಅಂಗೈಯಷ್ಟು ಕಲೆ ಇದೆ ಅಂದುಕೊಳ್ಳಿ. ಒಂದು ಸಲಕ್ಕೆ 2 ಗ್ರಾಂ, ದಿನಕ್ಕೆರಡು ಸಲ ಅಂದರೆ 4 ಗ್ರಾಂ. 15 ಗ್ರಾಂ ಟ್ಯೂಬು ನಾಲ್ಕನೇ ದಿನಕ್ಕೆ ಖಾಲಿಯಾಗಬೇಕು. ಒಂದೇ ಟ್ಯೂಬು ತಿಂಗಳು ಬಂತು ಎಂದರೆ ಔಷಧ ಚರ್ಮ ಮುಟ್ಟಿಲ್ಲ. ಕಲೆಯ ಅಂಚಿನಾಚೆ ಎರಡು ಸೆಂಟಿಮೀಟರ್‌ವರೆಗೂ ಹಚ್ಚಬೇಕು, ಕಲೆ ಮಾಯವಾದ ಮೇಲೂ ಎರಡು ವಾರ ಬಿಡಬಾರದು.

ಯಾವ ಟ್ಯೂಬು ಎಂಬುದು ಅದಕ್ಕಿಂತ ಮುಖ್ಯ. ಲೇಬಲ್ಲಿನಲ್ಲಿ ಕ್ಲೋಬೆಟಾಸೋಲ್, ಬೆಕ್ಲೊಮೆಟಾಸೋನ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದರಲ್ಲಿ ಸ್ಟಿರಾಯ್ಡ್ ಇದೆ, ಪಕ್ಕದಲ್ಲಿ ಶಿಲೀಂಧ್ರದ ಔಷಧದ ಹೆಸರಿದ್ದರೂ ಸರಿ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಏಕೆಂದರೆ ದೇಹದ ಕಾದಾಟವನ್ನೇ ಅದು ನಿಲ್ಲಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಆದರೂ ಚೀಟಿ ಕೇಳದೆ ಕೊಡುವ ರೂಢಿ ಹೋಗಿಲ್ಲ. ಸುಣ್ಣ, ಸೀಮೆಎಣ್ಣೆ, ಬೆಳ್ಳುಳ್ಳಿ ರಸ, ಕೇರು ಬೀಜದ ಎಣ್ಣೆ ಹಚ್ಚುವುದೂ ಹಾಗೆಯೇ. ಶಕ್ತಿ ಕುಂದಿದವರ ಚರ್ಮ ಸುಟ್ಟರೆ ಅದೇ ಹೊಸ ಗಾಯ, ಹೊಸ ಬಾಗಿಲು.

ಗುಳಿಗೆಯ ವಿಷಯದಲ್ಲಿ ಭಾರತದ ತೊಂದರೆಯೇ ಬೇರೆ. ಹುಳುಕಡ್ಡಿಗೆ ಕೊಡುವ ಟರ್ಬಿನಾಫಿನ್‌ಗೆ ಬಗ್ಗದ ಒಂದು ತಳಿ ಸುಮಾರು ಹತ್ತು ವರ್ಷದಿಂದ ಇಲ್ಲಿ ಹಬ್ಬಿದೆ. 2020ರಲ್ಲಿ ಜಪಾನಿನ ಸಂಶೋಧಕರು ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಯಾವ ಕಿಣ್ವವನ್ನು ತಡೆಯಬೇಕೋ ಆ ಕಿಣ್ವದ ಜೀನೇ ಬದಲಾಗಿರುತ್ತದೆ. ಆದ್ದರಿಂದ ಈಗ ಬಹಳ ವೈದ್ಯರು ಇಟ್ರಾಕೊನಜೋಲ್ ದಿನಕ್ಕೆ 200 ಮಿಲಿಗ್ರಾಂ ಬರೆಯುತ್ತಾರೆ, ಶಕ್ತಿ ಕುಂದಿದವರಿಗೆ ಅವಧಿ ಉದ್ದವಾಗುತ್ತದೆ. ಕೆಲವು ಪ್ಯಾಕಿನ ಮೇಲೆ 65 ಅಥವಾ 130 ಎಂದಿರುತ್ತದೆ. ಅದು ಚೆನ್ನಾಗಿ ಹೀರಿಕೊಳ್ಳುವಂತೆ ಮಾಡಿದ ಬಗೆ, 65 ಎಂದರೆ ಹಳೆಯ 100ಕ್ಕೆ ಸಮ. ಡೋಸ್ ಕಮ್ಮಿ ಕೊಟ್ಟಿದ್ದಾರೆಂದು ಎರಡು ನುಂಗಬೇಡಿ.

ಇಟ್ರಾಕೊನಜೋಲ್ ಬೇರೆ ಔಷಧಗಳ ಜೊತೆ ಜಗಳವಾಡುತ್ತದೆ, ಈ ರೋಗಿಗಳೋ ಹತ್ತು ಗುಳಿಗೆ ನುಂಗುವವರು. ಹಳೆಯ ಬಗೆಯ ಕ್ಯಾಪ್ಸೂಲ್ ಹೊಟ್ಟೆಯ ಆಮ್ಲವಿದ್ದರೆ ಮಾತ್ರ ಕರಗುತ್ತದೆ, ಊಟವಾದ ಕೂಡಲೇ ನುಂಗಬೇಕು. ಸ್ಟಿರಾಯ್ಡ್ ಜೊತೆ ಹೊಟ್ಟೆ ಉರಿಗೆಂದು ಬರೆಯುವ ಪ್ಯಾಂಟೊಪ್ರಜೋಲ್ ಆ ಆಮ್ಲವನ್ನೇ ಅಡಗಿಸುತ್ತದೆ. ಕ್ಷಯಕ್ಕೆ ದಿನಾ ರಿಫಾಂಪಿಸಿನ್ ತಿನ್ನುವವರ ಯಕೃತ್ತು ಇಟ್ರಾಕೊನಜೋಲನ್ನು ರಕ್ತದಲ್ಲಿ ನಿಲ್ಲಲು ಬಿಡುವುದೇ ಇಲ್ಲ. ಟ್ಯಾಕ್ರೊಲಿಮಸ್ ತಿನ್ನುವವರಲ್ಲಿ ತಿರುಗುಮುರುಗು: ಅದರ ಮಟ್ಟ ರಕ್ತದಲ್ಲಿ ಏರಿ ಕಸಿ ಮಾಡಿದ ಮೂತ್ರಪಿಂಡಕ್ಕೇ ವಿಷವಾಗುತ್ತದೆ. ವೈದ್ಯರು ಟ್ಯಾಕ್ರೊಲಿಮಸ್ ಡೋಸ್ ಇಳಿಸಿ ರಕ್ತ ಪರೀಕ್ಷೆ ಮಾಡುತ್ತಿರಬೇಕು, ಇಟ್ರಾಕೊನಜೋಲ್ ನಿಲ್ಲಿಸುವಾಗಲೂ ಅಷ್ಟೇ ಎಚ್ಚರ. ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ನಡೆಯುತ್ತಿರುವ ಮಗುವಿಗೆ ಹುಳುಕಡ್ಡಿಗೆಂದು ಬೇರೆ ಕಡೆ ಇಟ್ರಾಕೊನಜೋಲ್ ಬರೆದರೆ ನರಗಳಿಗೆ ಪೆಟ್ಟು ಬಿದ್ದು ಕರುಳು ಸ್ತಬ್ಧವಾಗಬಹುದು, ಫಿಟ್ಸ್ ಬರಬಹುದು. ಕೊಲೆಸ್ಟ್ರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಜೊತೆ ಕೂಡದು, ಹೃದಯ ಸೋತವರಿಗೂ ಕೂಡದು. ಫ್ಲುಕೊನಜೋಲ್ ಸಾಧು ಎಂದುಕೊಂಡವರು ನೆನಪಿಡಬೇಕಾದ್ದು, ಸಕ್ಕರೆ ಕಾಯಿಲೆಯ ಗ್ಲಿಮಿಪಿರೈಡ್ ಗುಳಿಗೆಯ ಜೊತೆ ಅದು ಸಕ್ಕರೆಯನ್ನು ಹಠಾತ್ತನೆ ಕೆಳಗೆ ತರಬಲ್ಲದು.

ಮನೆಯಲ್ಲಿ

ಉಡದಾರದಿಂದ ಶುರು ಮಾಡೋಣ. ಬೆವರು, ಸೋಪು, ಹೊಟ್ಟು ಎಲ್ಲ ಹೀರಿಕೊಂಡು ವರ್ಷಗಟ್ಟಲೆ ಸೊಂಟಕ್ಕೆ ಅಂಟಿಕೊಂಡಿರುವ ದಾರ ಅದು. ಸೊಂಟದ ಹುಳುಕಡ್ಡಿ ಎಷ್ಟು ಔಷಧಕ್ಕೂ ಜಗ್ಗದಿದ್ದರೆ ಅದನ್ನು ಬಿಚ್ಚಲೇಬೇಕು. ಬಿಚ್ಚಲು ಮನಸ್ಸಿಲ್ಲದವರು ಚಿಕಿತ್ಸೆ ಮುಗಿಯುವವರೆಗೆ ಬೆಳ್ಳಿಯದು ಹಾಕಿಕೊಂಡು ದಿನಾ ಒರೆಸಲಿ. ಲಂಗದ ಲಾಡಿ ಕಟ್ಟುವ ಜಾಗವೂ ಅಂಥದ್ದೇ. ಒಲೆ ಮುಂದೆ ರೊಟ್ಟಿ ಬಡಿದು ಎದ್ದ ಮೇಲೆ ಒದ್ದೆ ಲಂಗ ಬದಲಿಸಬೇಕು.

ರೋಗಿಯ ಒಳಬಟ್ಟೆ, ಟವೆಲ್, ಹಾಸುಬಟ್ಟೆಯನ್ನು ಬೇರೆಯಾಗಿ, ಕೈ ತಾಳದಷ್ಟು ಬಿಸಿಯ 60 ಡಿಗ್ರಿ ನೀರಿನಲ್ಲಿ ಒಗೆದು, ಒಳಮೈ ಹೊರಗೆ ತಿರುಗಿಸಿ ಒಣಹಾಕಬೇಕು. ಬೇಸಿಗೆಯಲ್ಲಿ ನಮ್ಮ ಬಿಸಿಲೇ ಅರ್ಧ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಒಣಗದ ಒಳಬಟ್ಟೆಗೆ ಇಸ್ತ್ರಿ ಹಾಕಿಯೇ ತೊಡಬೇಕು, ಹೊಲಿಗೆಯ ಸಂದಿಗೂ ತಾಗುವಂತೆ. ಒಂದೇ ಹಾಸಿಗೆ, ಒಂದೇ ಟವೆಲ್ ಬಳಸುವವರಲ್ಲಿ ಯಾರಿಗೆ ಕಲೆ ಇದ್ದರೂ ಒಟ್ಟಿಗೇ ಚಿಕಿತ್ಸೆ. ಪಾದವನ್ನು ರಾತ್ರಿ ತೊಳೆದು, ಬೆರಳ ಸಂದಿಯನ್ನು ಬಟ್ಟೆಯ ಚುಂಗಿನಿಂದ ಒಂದೊಂದಾಗಿ ಒರೆಸಿ, ಬೆಳಕಿನಲ್ಲಿ ನೋಡಬೇಕು. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ಅಡಿಪಾದ ನೋಡಿಕೊಳ್ಳಲಿ. ಕಸಿ ಆದವರು, ಕೀಮೋ ನಡೆದವರು ಕೂಳೆ ಹೊಲಕ್ಕೆ ಬರಿಗಾಲಲ್ಲಿ ಇಳಿಯಬಾರದು, ಬೂಸು ಹಿಡಿದ ಮೇವಿನ ಬಣವೆ ಕೆದಕಬಾರದು.

ನಾಳೆ ನೋಡೋಣ ಎನ್ನಬಾರದ ಗುರುತುಗಳು ಕೆಲವೇ: ಚರ್ಮ ಕಪ್ಪಾಗುವುದು ಅಥವಾ ನೇರಳೆ ತಿರುಗುವುದು, ಗಂಟೆಗಳಲ್ಲಿ ಹಬ್ಬುವ ನೋವು, ಕಲೆಯ ಜೊತೆ ಜ್ವರ, ಸಕ್ಕರೆ ಇರುವವರ ಮುಖದ ಒಂದು ಬದಿ ಊದಿ ಮರಗಟ್ಟುವುದು, ಕೀಮೋ ನಡೆದಾಗ ಹೊಸದಾಗಿ ಎದ್ದ ಯಾವುದೇ ಗಂಟು. ಇವಕ್ಕೆ ರಾತ್ರಿಯಾದರೂ ದೊಡ್ಡ ದವಾಖಾನೆಯ ತುರ್ತು ವಿಭಾಗಕ್ಕೇ ಹೋಗಬೇಕು, ಕಲೆ ತೋರಿಸುವ ಮೊದಲು ‘ಕಸಿ ಆಗಿದೆ’, ‘ಕೀಮೋ ನಡೆದಿದೆ’, ‘ಎಆರ್‌ಟಿ ತಗೋತೀನಿ’ ಎಂದು ಬಾಯಿಬಿಟ್ಟು ಹೇಳಬೇಕು. ಉಳಿದ ಕಲೆಗಳಿಗೆ ಒಪಿಡಿಗೆ ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಎಲ್ಲ ಟ್ಯೂಬುಗಳು, ನುಂಗುವ ಎಲ್ಲ ಗುಳಿಗೆಗಳ ಪಟ್ಟಿ, ಮಂಡಿನೋವಿನ ಆ ಪುಡಿಯ ಪೊಟ್ಟಣವೂ ಚೀಲದಲ್ಲಿರಲಿ. ಅಂದು ಬೆಳಿಗ್ಗೆ ಕಲೆಗೆ ಎಣ್ಣೆ, ಪೌಡರ್, ಮುಲಾಮು ಏನನ್ನೂ ಹಚ್ಚಬೇಡಿ, ಕೆರೆಯಲು ಒಣ ಹೊಟ್ಟು ಬೇಕು.